ಸ್ಪೆಕ್ಯುಲೇಟಿವ್ ಕವಿತೆ ಅಂದ್ರೇನು? ಅಲ್ಲಿ ಕನ್ನಡಕ್ಕೆ ಜಾಗ ಇದೆಯಾ?

ಕಥೆ-ಕವಿತೆ ಬರೆಯೋ ಗೆಳೆಯರು ನನ್ನನ್ನ ಪದೇ ಪದೇ ಕೇಳ್ತಾರೆ: "ಸ್ಪೆಕ್ಯುಲೇಟಿವ್ ಅಂದ್ರೆ ಸೈನ್ಸ್ ಫಿಕ್ಷನ್ ತಾನೇ? ಅದರಲ್ಲಿ ಕವಿತೆ ಎಲ್ಲಿಂದ ಬಂತು?"

ಸೈನ್ಸ್ ಫಿಕ್ಷನ್ ಅದರ ಒಂದು ಭಾಗ ಅಷ್ಟೆ. ಫ್ಯಾಂಟಸಿ, ದೆವ್ವದ ಕಥೆ, ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಅನ್ನೋ ಕಲ್ಪನೆ, ಎಲ್ಲವೂ ಇದರೊಳಗೆ ಬರುತ್ತವೆ. "ಹೀಗಿದ್ದಿದ್ದರೆ?" ಎಂಬ ಪ್ರಶ್ನೆಯೇ ಇವೆಲ್ಲದರ ಬೇರು.

ಈಗ ಕವಿತೆಗೆ ಬರೋಣ. "ನಮ್ಮ ಮನೆ ನನ್ನ ಹಿಂದೆಯೇ ನಡೆದು ಬಂತು" ಅಂತ ಒಂದು ಸಾಲು ಇದೆ ಅಂದ್ಕೊಳ್ಳಿ. ಮಾಮೂಲಿ ಕವಿತೆಯಲ್ಲಿ ಅದು ಊರಿನ ನೆನಪು. ಸ್ಪೆಕ್ಯುಲೇಟಿವ್ ಕವಿತೆಯಲ್ಲಿ ಮನೆಗೆ ನಿಜಕ್ಕೂ ಕಾಲಿದೆ. ಚೆನ್ನೈ ತಲುಪಿದ ಮೇಲೆ ಅದನ್ನ ಎಲ್ಲಿ ನಿಲ್ಲಿಸೋದು, ಅಪಾರ್ಟ್‌ಮೆಂಟ್ ವಾಚ್‌ಮನ್ ಒಳಗೆ ಬಿಡ್ತಾನಾ? ಕವಿತೆ ಅಲ್ಲಿಂದ ಶುರು. ಅಲ್ಲಮನ ಬೆಡಗಿನ ವಚನ ಓದಿದವರಿಗೆ ಇಂಥ ಚಿತ್ರಗಳು ಹೊಸದಲ್ಲ. ಆದರೆ ಬೆಡಗನ್ನು ಒಗಟಿನ ಹಾಗೆ ಬಿಡಿಸಬೇಕು. ಇಲ್ಲಿ ಬಿಡಿಸುವುದಕ್ಕೂ ಮೊದಲು ಆ ಲೋಕವನ್ನು ನಂಬಬೇಕು.

ಇದೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಲೇಖಕಿ, ಭಾಷಾವಿಜ್ಞಾನಿ ಸುಜೆಟ್ ಹೇಡನ್ ಎಲ್ಗಿನ್ 1978ರಲ್ಲೇ ಇಂಥ ಕವಿಗಳ ಸಂಘ ಕಟ್ಟಿದರು. ಆ ಸಂಘ ಕೊಡೋ ರಿಸ್ಲಿಂಗ್ ಪ್ರಶಸ್ತಿಗೆ ರಾಬರ್ಟ್ ಹೈನ್‌ಲೈನ್ ಕಥೆಯೊಂದರ ಕುರುಡು ಕವಿಯ ಹೆಸರಿದೆ.

ಇಂಥದ್ದನ್ನು ಹಾಕೋ ಆನ್‌ಲೈನ್ ಪತ್ರಿಕೆಗಳಲ್ಲಿ ಸ್ಟ್ರೇಂಜ್ ಹೊರೈಜನ್ಸ್ ಮುಖ್ಯವಾದದ್ದು. ಶ್ರೀಲಂಕಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮೇರಿ ಆ್ಯನ್ ಮೋಹನ್‌ರಾಜ್ 2000ದಲ್ಲಿ ಶುರು ಮಾಡಿದ ವಾರಪತ್ರಿಕೆ ಇದು. ಕಥೆ, ಕವಿತೆ, ವಿಮರ್ಶೆ ಎಲ್ಲ ಉಚಿತವಾಗಿ ಓದಬಹುದು. ಸಂಪಾದಕರು ಸ್ವಯಂಸೇವಕರು, ಖರ್ಚು ಹೆಚ್ಚಾಗಿ ಓದುಗರ ದೇಣಿಗೆಯಿಂದ. ಆದರೂ ಬರೆದವರಿಗೆ ಸಂಭಾವನೆ ತಪ್ಪಿಸಲ್ಲ. 2024ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು.

ನಮಗೆ ಇನ್ನೂ ಹತ್ತಿರದ್ದು ಸಮೋವಾರ್. ಇದೇ ಬಳಗ 2017ರಲ್ಲಿ ಅನುವಾದಕ್ಕೆಂದೇ ತೆರೆದ ಪತ್ರಿಕೆ. ಇಂಗ್ಲಿಷ್ ಅನುವಾದದ ಜೊತೆಗೆ ಮೂಲಭಾಷೆಯ ಪಠ್ಯವನ್ನೂ ಹಾಕುತ್ತಾರೆ. ಅಂದ್ರೆ ಕನ್ನಡ ಅಲ್ಲಿ "ಮೂಲ ಕನ್ನಡ" ಅನ್ನೋ ಅಡಿಟಿಪ್ಪಣಿಯಾಗಿ ಅಲ್ಲ, ಕನ್ನಡ ಲಿಪಿಯಲ್ಲೇ ಕೂರಬಹುದು.

ಕಳಿಸೋ ಮುಂಚೆ ಎರಡು ಮಾತು. ಒಂದು, ಪ್ರಕಟಿಸೋಕೆ ನಿಮ್ಮಿಂದಲೇ ದುಡ್ಡು ಕೇಳುವವರಿಂದ ದೂರ ಇರಿ. ದುಡ್ಡು ಪತ್ರಿಕೆಯಿಂದ ಲೇಖಕರ ಕಡೆ ಹರಿಯಬೇಕು. ಎರಡು, ಫೇಸ್‌ಬುಕ್‌ನಲ್ಲಿ ಹಾಕಿದ ಕವಿತೆಯನ್ನ ಎಷ್ಟೋ ಪತ್ರಿಕೆಗಳು "ಈಗಾಗಲೇ ಪ್ರಕಟವಾಗಿದೆ" ಅಂತಲೇ ಲೆಕ್ಕ ಹಾಕ್ತವೆ. ಅದಕ್ಕೇ ನಿಯಮ ಓದಿ, ಆಮೇಲೆ ಕಳಿಸಿ.

ದಿನವಿಡೀ ಇಂಗ್ಲಿಷ್‌ನಲ್ಲಿ ಮೇಲ್ ಬರೆದು, ರಾತ್ರಿ ಫೋನಿನಲ್ಲಿ ಕನ್ನಡ ಟೈಪ್ ಮಾಡೋರು ನಮ್ಮಲ್ಲಿ ಬಹಳ ಜನ ಇದ್ದಾರೆ. "ಇದನ್ನ ಯಾರು ಓದ್ತಾರೆ" ಅಂತ ಡ್ರಾಫ್ಟ್‌ನಲ್ಲೇ ಬಿಟ್ಟಿದ್ದರೆ, ಒಬ್ಬ ಒಳ್ಳೆ ಅನುವಾದಕರನ್ನ ಹುಡುಕಿ. ಓದೋರು ಇದ್ದಾರೆ.