ಕರಗಿಸಿದ ಚೀಸಿನ ಊಟ: ಹೋಗುವ ಮುನ್ನ ಅರಿಯಬೇಕಾದುದು

ಯರಗೇರಾ, ಮಾನ್ವಿ, ದೇವದುರ್ಗ ಭಾಗದ ಅನೇಕ ಮನೆಗಳ ಮಕ್ಕಳು ಇಂದು ವ್ಯಾಸಂಗ ಹಾಗೂ ಉದ್ಯೋಗದ ನಿಮಿತ್ತ ಹೈದರಾಬಾದು, ಬೆಂಗಳೂರು, ಪುಣೆ ನಗರಗಳಲ್ಲಿದ್ದಾರೆ. ಕೆಲವರು ಯುರೋಪಿನ ದೇಶಗಳನ್ನೂ ಸೇರಿದ್ದಾರೆ. ತಂದೆತಾಯಿಗಳು ಅವರನ್ನು ಕಾಣಲು ಹೋದಾಗ ಮಕ್ಕಳು ಪ್ರೀತಿಯಿಂದ ಹೊಸ ಬಗೆಯ ಹೋಟೆಲುಗಳಿಗೆ ಕರೆದೊಯ್ಯುತ್ತಾರೆ. ಅಂತಹ ಊಟಗಳಲ್ಲಿ ಫಾಂಡ್ಯೂ ಎಂಬುದೂ ಒಂದು. ಮೇಜಿನ ನಡುವೆ ಸಣ್ಣ ಒಲೆ, ಅದರ ಮೇಲೆ ಕರಗಿದ ಚೀಸು ತುಂಬಿದ ಪಾತ್ರೆ, ಸುತ್ತ ಕುಳಿತವರ ಕೈಯಲ್ಲಿ ಉದ್ದನೆಯ ಫೋರ್ಕು. ಬ್ರೆಡ್ಡಿನ ತುಣುಕನ್ನು ಚುಚ್ಚಿ, ಪಾತ್ರೆಯಲ್ಲಿ ಅದ್ದಿ ತಿನ್ನುವುದು ಆ ಊಟದ ಕ್ರಮ.

“ಹಾಲಿನದೇ ಪದಾರ್ಥವಲ್ಲವೇ, ತಿಂದರೆ ದೋಷವೇನು?” ಎಂದು ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ಹಿರಿಯರು ಕೇಳುವುದುಂಟು. ಹಾಲಿನಿಂದ ಆದುದೆಲ್ಲವೂ ಎಲ್ಲರಿಗೂ ಒಗ್ಗುವುದೆಂದು ಆಯುರ್ವೇದವು ಹೇಳುವುದಿಲ್ಲ. ಪರದೇಶದ ಆಹಾರವೆಂಬ ಕಾರಣಕ್ಕೆ ಅದನ್ನು ತ್ಯಾಜ್ಯವೆಂದೂ ಹೇಳುವುದಿಲ್ಲ. ಪದಾರ್ಥದ ಗುಣ, ಉಣ್ಣುವವನ ಅಗ್ನಿಬಲ, ದೇಶ, ಕಾಲ, ಪ್ರಮಾಣ ಇವುಗಳನ್ನು ನೋಡಿ ನಿರ್ಣಯಿಸಬೇಕೆನ್ನುತ್ತದೆ. ಆ ದೃಷ್ಟಿಯಿಂದ ಈ ಊಟವನ್ನು ವಿಚಾರಿಸೋಣ.

ಪಾತ್ರೆಯೊಳಗೆ ಏನಿರುತ್ತದೆ?

ಫಾಂಡ್ಯೂ ಎಂಬುದು ಕರಗಿಸುವುದು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ ಹೆಸರು. ಇದು ಸ್ವಿಟ್ಜರ್ಲೆಂಡಿನ ಆಹಾರ. ಜ್ಯೂರಿಕ್ ನಗರದ 1699ರ ಒಂದು ಅಡುಗೆ ಪುಸ್ತಕದಲ್ಲಿಯೇ ಚೀಸನ್ನು ದ್ರಾಕ್ಷಾಮದ್ಯದಲ್ಲಿ ಬೇಯಿಸುವ ವಿಧಾನವಿದೆ. 1930ರ ದಶಕದಲ್ಲಿ ಅಲ್ಲಿನ ಚೀಸ್ ಒಕ್ಕೂಟವು ತನ್ನ ಸರಕಿನ ಮಾರಾಟವನ್ನು ಹೆಚ್ಚಿಸಲು ಇದನ್ನು ರಾಷ್ಟ್ರೀಯ ಭಕ್ಷ್ಯವೆಂದು ಪ್ರಚಾರ ಮಾಡಿತು. ಸಾಂಪ್ರದಾಯಿಕ ಪಾಕದಲ್ಲಿ ಗ್ರುಯೇರ್ ಮೊದಲಾದ ಮಾಗಿದ ಚೀಸುಗಳು, ಬಿಳಿ ವೈನು, ಸ್ವಲ್ಪ ಹಿಟ್ಟು, ಬೆಳ್ಳುಳ್ಳಿ ಇರುತ್ತವೆ. ಕೊನೆಗೆ ಕಿರ್ಷ್ ಎಂಬ ಚೆರಿಹಣ್ಣಿನ ಭಟ್ಟಿ ಸಾರಾಯಿಯನ್ನು ಸೇರಿಸುತ್ತಾರೆ.

ಆದ್ದರಿಂದ ಮದ್ಯವನ್ನು ವರ್ಜಿಸಿದ ಮನೆಯವರು ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ವೈನು ಹಾಕಿದ್ದೀರಾ? ಕುದಿಸಿದಾಗ ಮದ್ಯಸಾರವೆಲ್ಲ ಆವಿಯಾಗುತ್ತದೆ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಕಾಲು ಗಂಟೆ ಬೇಯಿಸಿದ ಅಡುಗೆಯಲ್ಲಿಯೂ ಹಾಕಿದ ಮದ್ಯಸಾರದ ಸುಮಾರು ಶೇ. 40 ಭಾಗ ಉಳಿದಿರುತ್ತದೆ. ಕೊನೆಯಲ್ಲಿ ಸೇರಿಸಿದ ಸಾರಾಯಿಯ ಅಂಶವು ಇನ್ನೂ ಹೆಚ್ಚು ಉಳಿಯುತ್ತದೆ. ವೈನಿಲ್ಲದೆ ಹಾಲು ಮತ್ತು ನಿಂಬೆರಸದಿಂದಲೂ ಇದನ್ನು ತಯಾರಿಸಬಹುದು. ಮೊದಲೇ ತಿಳಿಸಿದರೆ ಅನೇಕ ಹೋಟೆಲಿನವರು ಹಾಗೆ ಮಾಡಿಕೊಡುತ್ತಾರೆ.

ಎರಡನೆಯ ಪ್ರಶ್ನೆ ರೆನೆಟ್ ಕುರಿತಾದುದು. ಹಾಲನ್ನು ಗಟ್ಟಿಗೊಳಿಸಲು ಬಳಸುವ ಕಿಣ್ವಕ್ಕೆ ಈ ಹೆಸರು. ಹಿಂದಿನಿಂದಲೂ ಯುರೋಪಿನಲ್ಲಿ ಇದನ್ನು ಹಾಲು ಕುಡಿಯುವ ಎಳೆಗರುವಿನ ಜಠರದಿಂದ ಪಡೆಯುತ್ತಿದ್ದರು. ಗ್ರುಯೇರ್, ಪಾರ್ಮೆಜಾನ್‌ನಂತಹ ಸಾಂಪ್ರದಾಯಿಕ ಚೀಸುಗಳಿಗೆ ಇಂದಿಗೂ ಅದನ್ನೇ ಬಳಸುತ್ತಾರೆ. ಹಾಲಿನದೆಂದು ನಂಬಿ ಉಣ್ಣುವ ಸಸ್ಯಾಹಾರಿಗೆ ಇದು ತಿಳಿದಿರಲೇಬೇಕು. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಕೂಡ ಇದೆ. ನಮ್ಮ ದೇಶದ ದೊಡ್ಡ ಡೇರಿಗಳ ಚೀಸು ಸಾಮಾನ್ಯವಾಗಿ ಈ ಬಗೆಯದು. ಪೊಟ್ಟಣದ ಮೇಲೆ ಹಸಿರು ಬಿಂದು ಮತ್ತು ‘ಮೈಕ್ರೋಬಿಯಲ್ ರೆನೆಟ್’ ಎಂಬ ಮಾತಿದ್ದರೆ ಸಂಶಯ ಬೇಡ. ಹಾಲಿನ ಕೊಬ್ಬಿನ ಬದಲು ತಾಳೆಣ್ಣೆ ಮುಂತಾದವನ್ನು ಸೇರಿಸಿದ ‘ಅನಲಾಗ್’ ಎಂಬ ಚೀಸಿನಂತಹ ಪದಾರ್ಥವೂ ಬಳಕೆಯಲ್ಲಿದೆ. ಅಗ್ಗದ ಪಿಜ್ಜಾ ತಿನ್ನುವವರೂ ಇದನ್ನು ವಿಚಾರಿಸುವುದು ಲೇಸು.

ಶಾಸ್ತ್ರದ ದೃಷ್ಟಿ

ಚೀಸಿಗೆ ನಿಘಂಟುಗಳಲ್ಲಿ ಗಿಣ್ಣು ಎಂಬ ಅರ್ಥವಿದೆ. ನಮ್ಮ ಮನೆಗಳಲ್ಲಿ ಎಮ್ಮೆ ಈದ ಮೊದಲ ದಿನಗಳ ಹಾಲಿನಿಂದ ಮಾಡುವ ಗಿಣ್ಣವು ಬೇರೆಯದೇ. ಅದಕ್ಕೆ ಹೆಪ್ಪು ಬೇಡ, ಮಾಗಿಸುವುದೂ ಇಲ್ಲ. ಬಿಸಿ ತಾಗಿದೊಡನೆ ಆ ಹಾಲು ತಾನೇ ಗಟ್ಟಿಯಾಗುತ್ತದೆ. ಚರಕಸಂಹಿತೆಯು ಈ ಈದ ಹಾಲನ್ನು ಪೀಯೂಷವೆಂದೂ, ಒಡೆದು ಗಟ್ಟಿಯಾದ ಹಾಲಿನ ಪದಾರ್ಥವನ್ನು ಕಿಲಾಟವೆಂದೂ ಕರೆಯುತ್ತದೆ. ಇಂದಿನ ಪನೀರು, ಚೀಸುಗಳಿಗೆ ಶಾಸ್ತ್ರದಲ್ಲಿ ಅತಿ ಸಮೀಪದ್ದೆಂದರೆ ಕಿಲಾಟವೇ. ಇವು ಗುರು, ಬೃಂಹಣ, ವಾತಹರ. ಅಂದರೆ ಜೀರ್ಣಕ್ಕೆ ಭಾರವಾದವು, ದೇಹವನ್ನು ಪುಷ್ಟಿಗೊಳಿಸುವಂಥವು. ಜಠರಾಗ್ನಿ ಚೆನ್ನಾಗಿ ಉರಿಯುತ್ತಿರುವವರಿಗೆ ಮತ್ತು ನಿದ್ರೆ ಬಾರದವರಿಗೆ ಇವು ಹಿತವೆಂದು ಹೇಳಿದೆ.

ಹಿಮ ಬೀಳುವ ಬೆಟ್ಟದ ನಾಡಿನಲ್ಲಿ, ಚಳಿಗಾಲದಲ್ಲಿ, ದಿನವಿಡೀ ಮೈಮುರಿದು ದುಡಿದ ದನಗಾಹಿಗೆ ಫಾಂಡ್ಯೂ ತಕ್ಕ ಆಹಾರವೇ ಆಗಿರಬಹುದು. ಹೇಮಂತ ಋತುವಿನಲ್ಲಿ ಹೊರಗಿನ ಶೀತದಿಂದ ಅಗ್ನಿಯು ಒಳಗೆ ಬಲಗೊಳ್ಳುತ್ತದೆ. ಆಗ ಸ್ನಿಗ್ಧವೂ ಗುರುವೂ ಆದ ಆಹಾರವು ಜೀರ್ಣವಾಗುತ್ತದೆ ಎಂಬುದು ನಮ್ಮ ಋತುಚರ್ಯೆಯ ಮಾತು. ರಾಯಚೂರು ಜಿಲ್ಲೆಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಅಗ್ನಿಯು ಮಂದವಾಗಿರುತ್ತದೆ; ಮಳೆಗಾಲದಲ್ಲಿ ಇನ್ನೂ ದುರ್ಬಲ. ಆ ದಿನಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಗಳಿಗೆ ಒಗ್ಗಿದ ಹೊಟ್ಟೆಗೆ ಇಂತಹ ಭಾರದ ಊಟವು ಸಲ್ಲದು. ತಿನ್ನುವ ಆಸೆಯಿದ್ದರೆ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ, ಅದೂ ಮಧ್ಯಾಹ್ನದ ಹೊತ್ತು ತಿನ್ನಬೇಕು. ರಾತ್ರಿ ಹತ್ತು ಗಂಟೆಗೆ ಉಂಡು ಹನ್ನೊಂದಕ್ಕೆ ಮಲಗುವವರು ಈ ಊಟವನ್ನು ಬಿಡುವುದೇ ಮೇಲು.

ಪ್ರಮಾಣವೇ ಮುಖ್ಯ

ಗುರುವಾದ ಆಹಾರವನ್ನು ತೃಪ್ತಿಯ ಅರ್ಧದಷ್ಟು ಅಥವಾ ಮೂರನೆಯ ಒಂದು ಭಾಗದಷ್ಟು ಮಾತ್ರ ಸೇವಿಸಬೇಕೆಂಬುದು ಚರಕನ ವಿಧಿ. ಫಾಂಡ್ಯೂವಿನಲ್ಲಿ ಈ ಅಳತೆ ಕೈತಪ್ಪುತ್ತದೆ. ತಟ್ಟೆಯಲ್ಲಿ ಬಡಿಸಿದ ಅನ್ನವು ಕಣ್ಣಿಗೆ ಕಾಣುತ್ತದೆ. ಎಲ್ಲರೂ ಒಂದೇ ಪಾತ್ರೆಯಲ್ಲಿ ಅದ್ದಿ ತಿನ್ನುವಾಗ ತಾನೆಷ್ಟು ತಿಂದೆನೆಂಬುದು ಯಾರಿಗೂ ತಿಳಿಯದು. ಮಾತಿನ ನಡುವೆ ಊಟವು ಎರಡು ಗಂಟೆ ನಡೆಯುವುದೂ ಉಂಟು. ಅತಿ ನಿಧಾನವಾಗಿ ಉಂಡವನಿಗೆ ತೃಪ್ತಿ ದೊರೆಯದು, ಅವನು ಹೆಚ್ಚು ಉಣ್ಣುತ್ತಾನೆ, ಪಚನವು ವಿಷಮವಾಗುತ್ತದೆ ಎಂದು ಶಾಸ್ತ್ರಕಾರರು ಗುರುತಿಸಿದ್ದಾರೆ.

ಲೆಕ್ಕವನ್ನು ನೋಡಿ. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬರಿಗೆ ಸುಮಾರು 200 ಗ್ರಾಂ ಚೀಸು ಎಂದು ಎಣಿಸುತ್ತಾರೆ. ಅದರಿಂದಲೇ ಸುಮಾರು 800 ಕ್ಯಾಲೊರಿ, 60 ಗ್ರಾಮಿಗೂ ಮಿಗಿಲಾದ ಕೊಬ್ಬು, ಸುಮಾರು 3 ಗ್ರಾಂ ಉಪ್ಪು ದೇಹವನ್ನು ಸೇರುತ್ತವೆ, ಬ್ರೆಡ್ಡು ಬೇರೆ. ದಿನವಿಡೀ ಸೇವಿಸುವ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚೀಸಿನಲ್ಲಿ ಒಳ್ಳೆಯ ಸಸಾರಜನಕವೂ ಸುಣ್ಣದಂಶವೂ ಧಾರಾಳವಾಗಿವೆ. ಮಾಗಿದ ಚೀಸಿನಲ್ಲಿ ಹಾಲಿನ ಸಕ್ಕರೆಯು ಬಹುತೇಕ ಉಳಿಯದ ಕಾರಣ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಅದು ಸಾಮಾನ್ಯವಾಗಿ ತೊಂದರೆ ಮಾಡದು. ಈ ಗುಣಗಳು 40, 50 ಗ್ರಾಂ ತಿಂದರೂ ದೊರೆಯುತ್ತವೆ. ಆದ್ದರಿಂದ ನಾವು ಸೂಚಿಸುವ ಉಪಾಯ ಸರಳವಾದುದು: ತಿನ್ನುವ ತುಣುಕುಗಳನ್ನು ಮೊದಲೇ ಎಣಿಸಿ ತಟ್ಟೆಗೆ ಹಾಕಿಕೊಳ್ಳಿರಿ. ಹತ್ತು ತುಣುಕುಗಳಲ್ಲಿ ಅರ್ಧದಷ್ಟು ಬ್ರೆಡ್ಡು, ಉಳಿದರ್ಧ ಬೇಯಿಸಿದ ಗಜ್ಜರಿ, ಹೂಕೋಸು, ಬೀನ್ಸು ಇರಲಿ. ಅವು ಮುಗಿದಾಗ ಊಟವೂ ಮುಗಿಯಲಿ.

ಜೊತೆಗೆ ಏನು ಕುಡಿಯಬೇಕು?

ಸ್ನಿಗ್ಧ ಆಹಾರಕ್ಕೆ ಬಿಸಿನೀರು ಅನುಪಾನವೆಂದು ಆಯುರ್ವೇದವು ಹೇಳುತ್ತದೆ. ತುಪ್ಪ ಸೇವಿಸಿದ ಮೇಲೆ ಬಿಸಿನೀರು ಕುಡಿಯುವ ರೂಢಿ ನಮ್ಮಲ್ಲಿದೆ. ಸ್ವಿಟ್ಜರ್ಲೆಂಡಿನಲ್ಲಿಯೂ ಫಾಂಡ್ಯೂವಿನೊಡನೆ ತಣ್ಣೀರು ಕೂಡದು, ಬಿಸಿ ಚಹಾ ಅಥವಾ ವೈನು ಕುಡಿಯಬೇಕೆಂಬ ಜನಪದ ನಂಬಿಕೆಯಿದೆ. ಚಹಾ ಒಳ್ಳೆಯದೋ ಮದ್ಯ ಒಳ್ಳೆಯದೋ ಎಂಬುದನ್ನು ಜ್ಯೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಯ ವೈದ್ಯರು 20 ಮಂದಿ ಆರೋಗ್ಯವಂತರ ಮೇಲೆ ಪರೀಕ್ಷಿಸಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಚಹಾ ಕುಡಿದವರಿಗಿಂತ ವೈನು ಕುಡಿದವರ ಜಠರದಿಂದ ಆಹಾರವು ತಡವಾಗಿ ಕೆಳಗಿಳಿಯಿತು. ಊಟದ ನಂತರ ‘ಜೀರ್ಣಕ್ಕೆಂದು’ ಸಾರಾಯಿ ಕುಡಿದಾಗ ಇನ್ನಷ್ಟು ತಡವಾಯಿತು. ಅಜೀರ್ಣದ ಲಕ್ಷಣಗಳು ಹೆಚ್ಚಿದುದೇನೂ ಕಂಡುಬರಲಿಲ್ಲ. ಆದರೂ ಮದ್ಯವು ಜೀರ್ಣಕಾರಿಯೆಂಬ ಮಾತಿಗೆ ಆಧಾರ ದೊರೆಯಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮವರು ಬಿಸಿನೀರು ಅಥವಾ ಶುಂಠಿ, ಜೀರಿಗೆ ಹಾಕಿ ಕುದಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿದರೆ ಸಾಕು. ಬಾಟಲಿಯ ತಂಪು ಪಾನೀಯ, ಐಸ್‌ಕ್ರೀಮುಗಳು ಆ ಹೊತ್ತಿಗೆ ಬೇಡ.

ಒಂದೇ ಪಾತ್ರೆ, ಹಲವು ಫೋರ್ಕುಗಳು

ಬಡಿಸುವ ಸೌಟು ಉಣ್ಣುವವರ ತಟ್ಟೆಗೆ ತಾಗಬಾರದೆಂಬ ನಮ್ಮ ಪಂಕ್ತಿಯ ನಿಯಮಕ್ಕೆ ಆರೋಗ್ಯದ ಅರ್ಥವಿದೆ. ಬಾಯಿಗಿಟ್ಟ ಫೋರ್ಕನ್ನೇ ಮತ್ತೆ ಪಾತ್ರೆಗೆ ಅದ್ದಿದರೆ ಎಂಜಲು ಎಲ್ಲರಿಗೂ ಹಂಚಿಕೆಯಾಗುತ್ತದೆ. ತುಟಿಯ ಮೇಲಿನ ಸರ್ಪಿನ ಗುಳ್ಳೆ, ನೆಗಡಿ, ಜ್ವರಗಳು ಎಂಜಲಿನಿಂದ ಹರಡಬಲ್ಲವು. ಬಲ್ಲವರು ಉದ್ದನೆಯ ಫೋರ್ಕನ್ನು ಅದ್ದಲಿಕ್ಕಷ್ಟೇ ಬಳಸಿ, ತುಣುಕನ್ನು ತಟ್ಟೆಗಿಳಿಸಿ, ಬೇರೆ ಫೋರ್ಕಿನಿಂದ ತಿನ್ನುತ್ತಾರೆ. ಬಿಸಿ ಲೋಹವು ತುಟಿಯನ್ನು ಸುಡುವುದೂ ಇದರಿಂದ ತಪ್ಪುತ್ತದೆ. ಎಲ್ಲರಿಗೂ ಸಣ್ಣ ಬಟ್ಟಲುಗಳಲ್ಲಿ ಬೇರೆ ಬೇರೆ ಬಡಿಸಿರೆಂದು ಕೇಳುವುದು ಇನ್ನೂ ಉತ್ತಮ.

ಮೇಜಿನ ಮೇಲಿನ ಸ್ಪಿರಿಟ್ ದೀಪದ ಬಳಿ ಚಿಕ್ಕ ಮಕ್ಕಳನ್ನು ಕೂರಿಸಬೇಡಿರಿ. ದೀಪ ಬಿಸಿಯಿರುವಾಗ ಅದಕ್ಕೆ ಸ್ಪಿರಿಟ್ ತುಂಬಿದರೆ ಜ್ವಾಲೆ ಸಿಡಿಯಬಹುದು. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಹಲ್ಲಿನ ಪೇಸ್ಟು, ತುಪ್ಪ ಹಚ್ಚಬಾರದು.

ಯಾರು ವಿಶೇಷ ಎಚ್ಚರ ವಹಿಸಬೇಕು?

ಮದ್ಯವ್ಯಸನವನ್ನು ಬಿಡಿಸಲು ಡೈಸಲ್ಫಿರಾಮ್ ಮಾತ್ರೆ ಸೇವಿಸುತ್ತಿರುವವರು ವೈನು ಹಾಕಿದ ಫಾಂಡ್ಯೂವನ್ನು ಮುಟ್ಟಲೇಬಾರದು. ಅಡುಗೆಯಲ್ಲಿರುವ ಅಲ್ಪ ಮದ್ಯವೂ ಮುಖ ಕೆಂಪೇರುವುದು, ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತಗಳನ್ನು ತರಬಹುದು. ಮಗ ಕುಡಿತ ಬಿಟ್ಟನೆಂದು ಸಂತೋಷದಿಂದ ಹೋಟೆಲಿಗೆ ಕರೆದೊಯ್ಯುವ ಮನೆಯವರು ಇದನ್ನು ನೆನಪಿಡಬೇಕು.

ಕ್ಷಯರೋಗಕ್ಕೆ ಐಸೋನಿಯಾಜಿಡ್ ಅಥವಾ ಲಿನೆಜೋಲಿಡ್ ಸೇವಿಸುತ್ತಿರುವವರು ಚಿಕಿತ್ಸೆ ಮುಗಿಯುವವರೆಗೆ ಮಾಗಿದ ಚೀಸನ್ನು ಬಿಡುವುದು ಕ್ಷೇಮ. ಅದರಲ್ಲಿರುವ ಟೈರಮೀನ್ ಮುಂತಾದ ಅಂಶಗಳು ಈ ಔಷಧಿಗಳೊಡನೆ ಸೇರಿದಾಗ ಅಪರೂಪವಾಗಿ ತಲೆನೋವು, ಎದೆಬಡಿತ, ರಕ್ತದೊತ್ತಡದ ಏರಿಕೆ ಉಂಟಾಗುತ್ತವೆ. ಬಿಡಬೇಕಾದುದು ಚೀಸನ್ನು, ಮಾತ್ರೆಯನ್ನಲ್ಲ.

ಮಧುಮೇಹಿಗಳು ಮೇಜು ಸಿಕ್ಕೊಡನೆ ಊಟದ ಮುಂಚಿನ ಮಾತ್ರೆ ನುಂಗುವುದು ಅಥವಾ ಇನ್ಸುಲಿನ್ ಚುಚ್ಚಿಕೊಳ್ಳುವುದು ಅಪಾಯಕರ. ಇಂತಹ ಹೋಟೆಲುಗಳಲ್ಲಿ ಆಹಾರ ಬರಲು ತಡವಾಗುತ್ತದೆ, ಅಷ್ಟರಲ್ಲಿ ಸಕ್ಕರೆಯ ಮಟ್ಟ ಕುಸಿಯಬಹುದು. ಆಹಾರವು ಎದುರಿಗೆ ಬಂದ ಮೇಲೆ ತೆಗೆದುಕೊಳ್ಳುವ ಕ್ರಮವನ್ನು ನಿಮ್ಮ ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿರಿ. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ, ಪಿತ್ತಕೋಶದ ಕಲ್ಲು ಇರುವವರು ಒಂದೆರಡು ತುಣುಕುಗಳ ರುಚಿ ನೋಡಿ ನಿಲ್ಲಿಸಬೇಕು.

ಉಂಡ ನಂತರ

ಊಟವಾದ ಮೇಲೆ ನೂರು ಹೆಜ್ಜೆ ನಿಧಾನವಾಗಿ ನಡೆಯಿರಿ. ಎರಡು ಮೂರು ಗಂಟೆ ಮಲಗಬೇಡಿರಿ. ಚೆನ್ನಾಗಿ ಹಸಿವಾಗುವವರೆಗೆ ಮುಂದಿನ ಊಟ ಬೇಡ. ಮರುದಿನ ಗಂಜಿ, ಹುರಿದ ಜೀರಿಗೆ ಮತ್ತು ಇಂಗು ಬೆರೆಸಿದ ತಿಳಿ ಮಜ್ಜಿಗೆ ಸಾಕು.

ಬಲಪಕ್ಕೆಯ ಕೆಳಗೆ ತೀವ್ರ ನೋವು, ವಾಂತಿ ಕಾಣಿಸಿದರೆ ವೈದ್ಯರನ್ನು ಕಾಣಬೇಕು. ಎದೆಯ ನಡುವೆ ಒತ್ತಿದಂತಾಗಿ ಬೆವರು, ಉಬ್ಬಸ, ಎಡಗೈ ಅಥವಾ ದವಡೆಯ ನೋವು ಬಂದರೆ ಅದನ್ನು ಚೀಸಿನ ‘ಗ್ಯಾಸ್’ ಎಂದು ತಿಳಿದು ಸೋಡಾ, ಓಮ ಕುಡಿಯುತ್ತ ಕುಳಿತಿರಬಾರದು. ಅಂತಹ ಹೊತ್ತಿನಲ್ಲಿ ಕಷಾಯದಿಂದ ಪ್ರಯೋಜನವಿಲ್ಲವೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ. ಒಡನೆಯೇ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.

ಮಕ್ಕಳು ಪ್ರೀತಿಯಿಂದ ಕರೆದಾಗ ಹಿರಿಯರು ಹೋಗದೆ ಮುಖ ತಿರುಗಿಸಬೇಕಾಗಿಲ್ಲ. ನಾಲ್ಕು ಮಂದಿ ಒಟ್ಟಿಗೆ ಕುಳಿತು ಉಣ್ಣುವುದೇ ಮನಸ್ಸಿಗೆ ಹಿತ. ಹೋಗುವ ಮುನ್ನ ಮಕ್ಕಳು ಹೋಟೆಲಿಗೆ ಫೋನು ಮಾಡಿ ವೈನು, ರೆನೆಟ್‌ಗಳ ಬಗ್ಗೆ ವಿಚಾರಿಸಲಿ. ಹಿರಿಯರು ತಾವು ಸೇವಿಸುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಲಿ. ಇಷ್ಟು ಮಾಡಿದ ಮೇಲೆ ಎಣಿಸಿದ ಹತ್ತು ತುಣುಕುಗಳನ್ನು ಬಿಸಿನೀರಿನೊಡನೆ ನೆಮ್ಮದಿಯಿಂದ ಸವಿಯಬಹುದು.