‘ಕರೆ ಬಂತು’ ಎಂದ ಮಾತ್ರಕ್ಕೆ ಬಾಗಿಲು ತೆರೆಯದು!

ಡಿಸೆಂಬರ್ 3 ಬಂತೆಂದರೆ ಚಂದಾವರದ ಕಡೆ ಹೋಗುವ ಬಸ್ಸಿನಲ್ಲಿ ಕೂರುವ ಮಾತು ಹಾಗಿರಲಿ, ಒಂದು ಕಾಲಿಡಲು ಜಾಗ ಸಿಕ್ಕಿದರೆ ಪುಣ್ಯ. ಕುಮಟೆಯವರು, ಹೊನ್ನಾವರದವರು, ಅತ್ತ ಭಟ್ಕಳ ಕಡೆಯವರು, ಎಲ್ಲರೂ ಸಂತ ಫ್ರಾನ್ಸಿಸ್ ಝೇವಿಯರರ ಇಗರ್ಜಿಗೆ ಹೊರಟವರೇ. ಕ್ರಿಸ್ತುವರು ಮಾತ್ರ ಎಂದುಕೊಳ್ಳಬೇಡಿ. ಹಣೆಗೆ ಕುಂಕುಮವಿಟ್ಟವರೂ ಅಲ್ಲಿ ಮೇಣದ ಬತ್ತಿ ಹಚ್ಚಿ ಕೈಮುಗಿದು ಬರುತ್ತಾರೆ.

ಹರಕೆಗಳೂ ಹೆಚ್ಚಾಗಿ ಎಲ್ಲ ಊರಿನ ಹರಕೆಗಳೇ. ಮಗಳಿಗೆ ಗಂಡು ಸಿಗಲಿ, ಮಗನಿಗೆ ಗಲ್ಫ್ ವೀಸಾ ಆಗಲಿ, ಅಂಗಡಿಗೆ ಗಿರಾಕಿ ಬರಲಿ. ಆದರೆ ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಇನ್ನೊಂದು ಬಗೆಯ ಪ್ರಶ್ನೆಯೂ ಹುಟ್ಟುವುದುಂಟು. ಅದನ್ನು ಗಟ್ಟಿಯಾಗಿ ಕೇಳುವವರು ಕಡಿಮೆ. ಹದಿನೇಳು ಹದಿನೆಂಟರ ಹುಡುಗನೋ ಹುಡುಗಿಯೋ ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ ಅದು: ‘ನನಗೆ ದೇವರ ಕರೆ ಉಂಟೋ, ಇಲ್ಲವೋ?’

ಮಾತು ಬಾಯಿಂದ ಹೊರಬಿತ್ತೋ, ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಅಜ್ಜಿ ಕಣ್ಣೊರೆಸಿಕೊಂಡು ‘ನಮ್ಮ ಮನೆಗೂ ಒಬ್ಬ ಪಾದ್ರಿ ಆದ’ ಎಂದು ಆಗಲೇ ಊರಿಗೆ ಹೇಳಿಬರುತ್ತಾಳೆ. ತಾಯಿ ‘ಪುತಾ, ಏನಾಯ್ತೋ ನಿನಗೆ?’ ಎನ್ನುತ್ತಾಳೆ. ಅಪ್ಪ ಮಾತಾಡುವುದೇ ಇಲ್ಲ, ಅಂಗಡಿಯ ಬೀಗದಕೈ ಹಿಡಿದು ಎದ್ದು ಹೋಗುತ್ತಾನೆ. ಮನೆ ತುಂಬ ಮಕ್ಕಳಿದ್ದ ಕಾಲದಲ್ಲಿ ಒಬ್ಬ ಹೋದರೆ ಉಳಿದವರು ಇದ್ದರು. ಈಗ ಇರುವುದು ಒಬ್ಬ ಮಗ, ಒಬ್ಬಳು ಮಗಳು. ಮುದಿವಯಸ್ಸಿಗೆ ಗತಿ ಯಾರು? ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಹೊರಗಿನವರಿಗೂ ಇದು ತೀರಾ ಅಪರಿಚಿತ ಸಂಗತಿಯೇನಲ್ಲ. ಭಟ್ಕಳ ತಾಲೂಕಿನ ಶಿರಾಲಿಯ ಚಿತ್ರಾಪುರ ಮಠವನ್ನೇ ನೋಡಿ. 1991ರಲ್ಲಿ ಸ್ವಾಮಿಗಳು ತೀರಿಕೊಂಡಾಗ ಶಿಷ್ಯ ಸ್ವೀಕಾರವಾಗಿರಲಿಲ್ಲ. ಸಾರಸ್ವತ ಸಮಾಜ ಹೊಸ ಗುರುಗಳಿಗಾಗಿ 1997ರ ತನಕ ಕಾಯಬೇಕಾಯಿತು. ಸಂಸಾರ ಬಿಡುವ ಮನುಷ್ಯ ಬೇಕೆಂದ ಕೂಡಲೇ ಪೇಟೆಯಲ್ಲಿ ಸಿಗುವುದಿಲ್ಲ. ಆ ಮಾತು ಮಠಕ್ಕೂ ಒಂದೇ, ಇಗರ್ಜಿಗೂ ಒಂದೇ.

ಬದಲಿಗೆ ಬಂದ ಸಂತ!

ಚಂದಾವರಕ್ಕೆ ಹೋಗುವ ಎಷ್ಟು ಜನರಿಗೆ ಗೊತ್ತುಂಟೋ ಏನೋ, ಅಲ್ಲಿ ಪೂಜೆಗೊಳ್ಳುವ ಸಂತ ಝೇವಿಯರ್ ಈ ದೇಶಕ್ಕೆ ಬಂದದ್ದೇ ಇನ್ನೊಬ್ಬರ ಬದಲಿಗೆ! ಸ್ಪೇನ್ ಕಡೆಯ ನವಾರ್ರೆಯ ಗಣ್ಯ ಮನೆತನದ ಹುಡುಗ, ಪ್ಯಾರಿಸಿನಲ್ಲಿ ಓದುತ್ತಿದ್ದ. ಒಂದೇ ಕೋಣೆಯಲ್ಲಿ ಜೊತೆಗಿದ್ದ ಇಗ್ನೇಷಿಯಸ್ ಲೊಯೋಲಾ ಎಂಬಾತ ದೇವರ ಕೆಲಸದ ಮಾತೆತ್ತಿದರೆ ಈತನಿಗೆ ಮೊದಮೊದಲು ಹಿಡಿಸುತ್ತಲೇ ಇರಲಿಲ್ಲ. ಇಬ್ಬರೂ ಜೊತೆಯಾದದ್ದು 1529ರಲ್ಲಿ, ಗೆಳೆಯರೊಂದಿಗೆ ಕೂಡಿ ವ್ರತ ತೊಟ್ಟದ್ದು 1534ರ ಆಗಸ್ಟ್ 15ರಂದು. ನಡುವೆ ಐದು ವರ್ಷ ಕಳೆದಿತ್ತು.

ಮುಂದೆ ಪೋರ್ಚುಗಲ್ ದೊರೆ ಇಂಡಿಯಾಕ್ಕೆ ಪಾದ್ರಿಗಳು ಬೇಕೆಂದಾಗ ಆರಿಸಿದ್ದು ಬೊಬದಿಲ್ಲಾ ಎಂಬವರನ್ನು. ಅವರು ಜ್ವರ ಹಿಡಿದು ಮಲಗಿದರು. ‘ಹಾಗಾದರೆ ನೀನು ಹೋಗು’ ಎಂದು ಝೇವಿಯರರಿಗೆ ಅಪ್ಪಣೆಯಾಯಿತು. 1540ರ ಮಾರ್ಚಿನಲ್ಲಿ ರೋಮ್ ಬಿಟ್ಟವರು ಗೋವಾದಲ್ಲಿ ಇಳಿದದ್ದು 1542ರ ಮೇ 6ಕ್ಕೆ. ಹತ್ತು ವರ್ಷಗಳ ಮೇಲೆ ಚೀನಾದ ಬಾಗಿಲಲ್ಲಿ ಒಂದು ದ್ವೀಪದಲ್ಲಿ ಪ್ರಾಣಬಿಟ್ಟರು. ಆ ದಿನವೇ ಡಿಸೆಂಬರ್ 3.

ಭಟ್ಕಳದವರಿಗೆ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಝೇವಿಯರರು ಲಿಸ್ಬನ್‌ನಿಂದ ಹೊರಟ ಹಡಗಿನಲ್ಲೇ ಹೊಸ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೌಜ ಕೂಡ ಇದ್ದ. ಅದೇ 1542ರಲ್ಲಿ ಭಟ್ಕಳಕ್ಕೆ ಬೆಂಕಿಯಿಟ್ಟವನು ಅವನೇ! ಸಂತನೂ ಸೇನಾಪತಿಯೂ ಒಂದೇ ಹಡಗಿನಲ್ಲಿ ಬಂದರು ಎಂಬ ಕಾರಣಕ್ಕೆ ಆ ಊರಿನವರು ಇಂದಿಗೂ ಹುಬ್ಬೇರಿಸಿದರೆ ಅವರ ಮೇಲೆ ತಪ್ಪು ಹೊರಿಸಲಾಗದು.

ನಮ್ಮ ಕಡಲ ದಂಡೆಯ ಜುಜೆ ವಾಜ್

ಝೇವಿಯರ್ ದೂರದಿಂದ ಬಂದವರಾಯಿತು. ದೇವಕರೆಯ ಗೊಂದಲದಲ್ಲಿರುವ ನಮ್ಮ ಹುಡುಗರಿಗೆ ಇನ್ನೂ ಹತ್ತಿರದ ಸಂತನೊಬ್ಬ ಇದ್ದಾರೆ. ಕೊಂಕಣಿ ಮಾತಾಡಿದವರು, ಅಕ್ಕಿ ಗಂಜಿ ಉಂಡವರು, ನಮ್ಮ ಕೆನರಾದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದವರು. ಹೆಸರು ಜೋಸೆಫ್ ವಾಜ್, ಮನೆಮಾತಿನಲ್ಲಿ ಜುಜೆ ವಾಜ್. 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದರು. 1676ರಲ್ಲಿ, 25ನೇ ವಯಸ್ಸಿಗೆ, ಗುರುದೀಕ್ಷೆ ಪಡೆದರು.

ಅವರ ಮನಸ್ಸಿದ್ದದ್ದು ಸಿಲೋನಿನ ಮೇಲೆ, ಈಗಿನ ಶ್ರೀಲಂಕಾ. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿದ ಮೇಲೆ ಕ್ಯಾಥೊಲಿಕ್ ಪಾದ್ರಿಗಳು ದ್ವೀಪದಲ್ಲಿ ಕಾಲಿಡುವಂತಿರಲಿಲ್ಲ. ಜನ ಪೂಜೆಯಿಲ್ಲದೆ, ಮದುವೆ ಮಾಡಿಸುವವರಿಲ್ಲದೆ, ಸಾಯುವಾಗ ಎಣ್ಣೆ ಹಚ್ಚುವವರಿಲ್ಲದೆ ಇದ್ದರು. ‘ನಾ ಹೋಗುತ್ತೇನೆ’ ಎಂದರು ವಾಜ್. ಗೋವಾದ ಮೇಲಿನವರು ಏನು ಮಾಡಿದರು? 1681ರಲ್ಲಿ ಕೆನರಾದ ಮೇಲ್ವಿಚಾರಣೆಗೆ ಹೋಗು ಎಂದರು!

ಆಗ ಕೆನರಾದಲ್ಲಿ ಕೆಳದಿಯವರ ಆಳ್ವಿಕೆ. ಇಗರ್ಜಿಯ ಒಳಗೆ ದೊಡ್ಡ ಜಗಳ ಬೇರೆ. ಗೋವಾದ ಆರ್ಚ್‌ಬಿಷಪ್ ಪೀಠದ ಮಾತು ನಡೆಯಬೇಕೋ, ರೋಮಿನಿಂದ ನೇರವಾಗಿ ನೇಮಕಗೊಂಡ ಬಿಷಪ್ ಥೋಮಸ್ ದ ಕಾಸ್ಟ್ರೊ ಅವರ ಮಾತೋ? ಪಾದ್ರಿಗಳಲ್ಲಿ ಎರಡು ಗುಂಪು, ಜನರಲ್ಲಿ ಎರಡು ಗುಂಪು. ಯಾವ ಪಾದ್ರಿ ಮಾಡಿಸಿದ ಮದುವೆ ನಿಜವಾದ ಮದುವೆ ಎಂಬ ಮಟ್ಟಕ್ಕೆ ಹೋಗಿತ್ತು. ಮೂವತ್ತರ ಹರೆಯದ ವಾಜ್ ಇವೆರಡರ ನಡುವೆ ಸಿಕ್ಕಿಬಿದ್ದರು. ತಾವು ಕೇಳಿದ ಕೆಲಸವಲ್ಲ, ಬಯಸಿದ ಊರಲ್ಲ. ಆದರೂ ಮಂಗಳೂರು, ಬಸ್ರೂರು, ಕಲ್ಯಾಣಪುರ ಎಂದು ಕಡಲ ದಂಡೆ ಅಲೆದು, ಜನರ ನಡುವೆ ದುಡಿದು, 1684ರಲ್ಲಿ ಗೋವಾಕ್ಕೆ ಮರಳಿದರು.

ಮುಂದಿನ ತೊಡಕು ಇನ್ನೊಂದು. ಸಂಘ ಸೇರಿ ವ್ರತಬದ್ಧವಾಗಿ ಬಾಳೋಣವೆಂದರೆ, ಯುರೋಪಿನ ಸಂಘಗಳು ಆ ಕಾಲದಲ್ಲಿ ನಮ್ಮ ನಾಡಿನ ಹುಡುಗರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಬಣ್ಣದ ಮಾತು, ಮತ್ತೇನು? ಹಳೆ ಗೋವಾದಲ್ಲಿ ಕೆಲವು ಸ್ಥಳೀಯ ಪಾದ್ರಿಗಳು ತಾವೇ ಒಟ್ಟುಗೂಡಿ ಬಾಳಲು ಶುರುಮಾಡಿದ್ದರು. 1685ರಲ್ಲಿ ವಾಜ್ ಅವರನ್ನು ಕೂಡಿಕೊಂಡರು. ಅದೇ ಸಂತ ಫಿಲಿಪ್ ನೇರಿಯ ಹೆಸರಿನ ಓರೆಟರಿ ಸಂಘವಾಯಿತು.

ಅದಾದ ಮೇಲೆಯೇ ಸಿಲೋನ್. 1687ರಲ್ಲಿ ಜಾನ್ ಎಂಬ ಸೇವಕನೊಂದಿಗೆ ತೂತುಕುಡಿಯಿಂದ ಹಡಗೇರಿ, ಬಡಪಾಯಿಯ ವೇಷದಲ್ಲಿ ಜಾಫ್ನಾ ಸೇರಿದರು. ಹೋದಕೂಡಲೇ ಭೇದಿ ಹಿಡಿದು ಸಾವಿನ ಅಂಚಿಗೆ ಹೋಗಿ ಬಂದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂದು ಸೆರೆಯಾದರು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತೆಂದು ಭಕ್ತರು ನಂಬುತ್ತಾರೆ. ನಂಬದವರೂ ಒಪ್ಪುವ ಕೆಲಸ ಎಂದರೆ 1697ರ ಸಿಡುಬಿನ ಕಾಲದಲ್ಲಿ ಅವರು ಮಾಡಿದ ಸೇವೆ. ಮನೆಯವರೇ ಬಿಟ್ಟು ಓಡಿದ ರೋಗಿಗಳಿಗೆ ಗಂಜಿ ಕುಡಿಸಿದರು, ಸತ್ತವರನ್ನು ಹೂತರು. ತಿರುಗಿ ಗೋವಾಕ್ಕೆ ಬರಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. ಸಂತ ಪದವಿ ಸಿಕ್ಕಿದ್ದು 304 ವರ್ಷಗಳ ಮೇಲೆ, 2015ರ ಜನವರಿ 14ರಂದು, ಕೊಲಂಬೊದಲ್ಲಿ, ಪೋಪ್ ಫ್ರಾನ್ಸಿಸರ ಕೈಯಿಂದ.

ಇಷ್ಟು ಉದ್ದಕ್ಕೆ ಹೇಳಿದ್ದೇಕೆಂದರೆ, ‘ಕರೆ’ ಎಂದರೆ ರಾತ್ರಿ ಕನಸು ಬಿದ್ದು ಬೆಳಗಾಗುವಾಗ ಪೆಟ್ಟಿಗೆ ಕಟ್ಟುವುದೆಂದು ತಿಳಿದವರು ಬಹಳ. ವಾಜ್ ಅವರಿಗೆ ತಮ್ಮ ಕರೆ ಯಾವ ಊರಿಗೆಂದು ಗೊತ್ತಿದ್ದರೂ ‘ಆಗಲಿ’ ಎಂಬ ಮಾತಿಗೆ ವರ್ಷಗಟ್ಟಲೆ ಕಾದರು. ಮದರ್ ತೆರೆಸಾ ಕಥೆಯೂ ಅದೇ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಅವರಿಗೆ ಬಡವರ ನಡುವೆ ಹೋಗು ಎಂಬ ಕರೆ ಕೇಳಿಸಿತಂತೆ. ರೈಲಿಳಿದು ನೇರ ಕೊಳೆಗೇರಿಗೆ ಹೋದರೆ? ಇಲ್ಲ. ಮೇಲಿನವರ ಅಪ್ಪಣೆ ಸಿಕ್ಕಿ ಹಳೆಯ ಕಾನ್ವೆಂಟಿನ ಬಾಗಿಲು ದಾಟಿದ್ದು 1948ರಲ್ಲಿ.

ಸಾಲಗಾರನಿಗೆ ಜಾಗವಿಲ್ಲ!

ಈಗ ನಡೆಯುವುದು ಹೇಗೆ? ನಮ್ಮ ಜಿಲ್ಲೆ 1953ರ ತನಕ ಗೋವಾ ಪೀಠಕ್ಕೆ, ಆಮೇಲೆ ಬೆಳಗಾವಿಗೆ ಸೇರಿತ್ತು. 1976ರ ಜನವರಿಯಲ್ಲಿ ಕಾರವಾರಕ್ಕೇ ಬಿಷಪ್ ಪೀಠ ಬಂತು. ಪಾದ್ರಿಯಾಗಬೇಕೆಂಬ ಹುಡುಗ ಮೊದಲು ತನ್ನ ಊರಿನ ಫಾದರ್ ಹತ್ತಿರ ಹೇಳಬೇಕು. ಶಾಲೆ ಕಾಲೇಜಿನ ರಜೆಯಲ್ಲಿ ದೇವಕರೆ ಶಿಬಿರಗಳು ನಡೆಯುತ್ತವೆ. ಅಲ್ಲಿ ಹೋಗಿ ಬಂದವರೆಲ್ಲ ಗುರುಮಠ ಸೇರುವುದಿಲ್ಲ, ಗುರುಮಠ ಸೇರಿದವರೆಲ್ಲ ಪಾದ್ರಿಗಳಾಗುವುದಿಲ್ಲ. ತತ್ತ್ವಶಾಸ್ತ್ರ, ದೇವಶಾಸ್ತ್ರ ಕೂಡಿ ಕಡಿಮೆಯೆಂದರೆ ಆರು ವರ್ಷದ ಓದು. ಹಿಂದುಮುಂದಿನ ತರಬೇತಿ ಸೇರಿಸಿದರೆ ಪಿಯುಸಿ ಮುಗಿದ ಮೇಲೆ ಹೆಚ್ಚುಕಡಿಮೆ ಹತ್ತು ವರ್ಷ. 25 ತುಂಬದವನಿಗೆ ಗುರುದೀಕ್ಷೆ ಇಲ್ಲ. ದೀಕ್ಷೆಗೆ ಅಡ್ಡಿಯಾಗುವ ಸಂಗತಿ ಗೊತ್ತಿದ್ದ ಭಕ್ತರು ಅದನ್ನು ಮುಚ್ಚಿಡಬಾರದು, ಮೊದಲೇ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ.

ಸಿಸ್ಟರುಗಳ ದಾರಿ ಬೇರೆ. 17 ತುಂಬುವ ಮೊದಲು ನವಶಿಷ್ಯೆಯಾಗುವಂತಿಲ್ಲ. ಆ ಅವಧಿ ಕನಿಷ್ಠ 12 ತಿಂಗಳು. ಆಮೇಲೆ ಬ್ರಹ್ಮಚರ್ಯ, ಬಡತನ, ವಿಧೇಯತೆ ಎಂಬ ಮೂರು ವ್ರತ, ಅದೂ ಮೂರರಿಂದ ಆರು ವರ್ಷದ ಮಟ್ಟಿಗೆ ಮಾತ್ರ. ಅದು ಕಳೆದು, 21 ದಾಟಿದ ಮೇಲೆಯೇ ಶಾಶ್ವತ ವ್ರತ. (ಪೇಟೆಯವರು ಒಂದು ತಪ್ಪು ತಿಳಿದಿದ್ದಾರೆ: ಊರ ಇಗರ್ಜಿಯ ಫಾದರ್ ಕೂಡ ಬಡತನದ ವ್ರತ ತೊಟ್ಟವರೆಂದು. ಸಂಘಕ್ಕೆ ಸೇರದೆ ಬಿಷಪರ ಕೈಕೆಳಗೆ ಇರುವ ಪಾದ್ರಿ ಮದುವೆಯಾಗುವುದಿಲ್ಲವೆಂದೂ ಬಿಷಪರ ಮಾತು ಕೇಳುವೆನೆಂದೂ ಮಾತು ಕೊಡುತ್ತಾರೆ. ಬಡತನದ ವ್ರತ ಅವರಿಗಿಲ್ಲ.)

1983ರಲ್ಲಿ ಬಂದ ಇಗರ್ಜಿ ಕಾನೂನಿನಲ್ಲಿ ಅಂಗಡಿಕಾರರು ಮೆಚ್ಚುವ ಒಂದು ಮಾತುಂಟು: ತೀರಿಸಲಾಗದ ಸಾಲ ಇದ್ದವರನ್ನು ಸಂಘಕ್ಕೆ ಸೇರಿಸಿಕೊಳ್ಳಬಾರದು. ಸಾಲದವರು ಬಾಗಿಲಿಗೆ ಬರುತ್ತಾರೆಂದು ಮಠಕ್ಕೆ ಓಡುವ ಆಟ ಇಲ್ಲಿ ನಡೆಯದು!

ಅದಕ್ಕಿಂತ ದೊಡ್ಡದು ಇನ್ನೊಂದು. ಒತ್ತಾಯದಿಂದ, ಬೆದರಿಕೆಯಿಂದ ಅಥವಾ ಮೋಸದಿಂದ ಸಂಘ ಸೇರಿಸಿದ್ದರೆ ಆ ಸೇರ್ಪಡೆಯೇ ಸಿಂಧುವಲ್ಲ. ಯಾರನ್ನೇ ಆಗಲಿ ಗುರುದೀಕ್ಷೆಗೆ ಬಲವಂತ ಮಾಡುವುದಕ್ಕೆ ಪೂರ್ತಿ ನಿಷೇಧ. ಹರಕೆ ಹೊತ್ತ ಅಜ್ಜಿಯರು ಇದನ್ನು ಕೇಳಿಸಿಕೊಳ್ಳಬೇಕು. ಮಗು ಹುಟ್ಟುವ ಮೊದಲೇ ‘ಇದು ದೇವರಿಗೆ’ ಎಂದು ಹೇಳಿಬಿಟ್ಟರೆ ಅದು ಅಜ್ಜಿಯ ಹರಕೆಯಾಯಿತು, ಮೊಮ್ಮಗನ ಕರೆ ಹೇಗಾದೀತು? ಅಂತೆಯೇ ಆಸ್ತಿ ನೋಡಿಕೊಳ್ಳುವವರಿಲ್ಲವೆಂದು ಮಗನ ಕಾಲಿಗೆ ಬೀಳುವ ಅಪ್ಪನೂ ಅದೇ ತಪ್ಪನ್ನು ಇನ್ನೊಂದು ಬದಿಯಿಂದ ಮಾಡುತ್ತಾನೆ.

ತಿರುಗಿ ಬಂದವರ ಪಾಡು

ನವಶಿಷ್ಯರು ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಸಂಘವೂ ಅವರನ್ನು ಕಳಿಸಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದವರೂ ಬೇಡವೆನಿಸಿದರೆ ಹೊರಡಬಹುದು. ವರ್ಷಗಟ್ಟಲೆ ತರಬೇತಿ ಇಟ್ಟದ್ದೇ ಅದಕ್ಕೆ. ಹೋಗಿ ನೋಡಿ ‘ಇದು ನನ್ನದಲ್ಲ’ ಎಂದು ತಿಳಿದು ಬರುವವನು ಪರೀಕ್ಷೆಯಲ್ಲಿ ಫೇಲಾದವನಲ್ಲ. ತಿಳಿಯಬೇಕಾದದ್ದನ್ನು ತಿಳಿದುಕೊಂಡು ಬಂದಿದ್ದಾನೆ.

ಆದರೆ ನಮ್ಮ ಪೇಟೆಯ ಬಾಯಿ ಬಿಡಬೇಕಲ್ಲ! ‘ಎಂತಕ್ಕೆ ಬಂದ?’ ‘ಏನೋ ನಡೆದಿರಬೇಕು ಮಾರಾಯ.’ ಹುಡುಗಿಯಾದರಂತೂ ಕೇಳುವುದೇ ಬೇಡ, ಮದುವೆ ಮಾತು ಬಂದಾಗಲೆಲ್ಲ ಕಾನ್ವೆಂಟಿನ ಮೂರು ವರ್ಷಗಳನ್ನು ಯಾರೋ ಒಬ್ಬರು ಎತ್ತಿಯೇ ಎತ್ತುತ್ತಾರೆ. ಈ ಬಾಯಿಗೆ ಹೆದರಿ, ಒಳಗೆ ಮನಸ್ಸು ನಿಲ್ಲದಿದ್ದರೂ ಅಲ್ಲೇ ಉಳಿದರೆ ಅದು ಅವರಿಗೂ ಒಳ್ಳೆಯದಲ್ಲ, ಮುಂದೆ ಅವರ ಕೈಕೆಳಗೆ ಬರುವ ಶಾಲೆ ಆಸ್ಪತ್ರೆಗಳಿಗೂ ಒಳ್ಳೆಯದಲ್ಲ.

ಹಣದ ಲೆಕ್ಕವೂ ಉಂಟು. ಸಂಘ ಬಿಟ್ಟು ಬಂದವರು ಅಲ್ಲಿ ದುಡಿದದ್ದಕ್ಕೆ ಸಂಬಳವೆಂದು ಏನನ್ನೂ ಕೇಳುವಂತಿಲ್ಲ. ಅವರೊಡನೆ ನ್ಯಾಯದಿಂದ, ಪ್ರೀತಿಯಿಂದ ನಡೆದುಕೊಳ್ಳಬೇಕೆಂದು ಕಾನೂನು ಸಂಘಕ್ಕೆ ಹೇಳುತ್ತದೆ. ಎಷ್ಟು ರೂಪಾಯಿ ಎಂದು ಹೇಳುವುದಿಲ್ಲ. ಎಳೆಯ ವಯಸ್ಸಿನಲ್ಲಿ ಬಂದವರ ದಾರಿ ಹೇಗೋ ಆಗುತ್ತದೆ. ನಲವತ್ತು ದಾಟಿ ಬಂದವರ ಕಷ್ಟವೇ ಕಷ್ಟ.

ಹಾಗೆ ಬಂದವರಲ್ಲಿ ಮಾಸ್ತರಿಕೆ ಹಿಡಿದವರುಂಟು, ಅಂಗಡಿ ಹಾಕಿದವರುಂಟು, ಗಲ್ಫಿಗೆ ಹಾರಿದವರುಂಟು. ಮದುವೆಯಾಗಿ, ಡಿಸೆಂಬರ್ 3ರಂದು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅದೇ ಚಂದಾವರದ ಬಸ್ಸಿನಲ್ಲಿ ನಿಂತು ಹೋಗುವವರೂ ಉಂಟು.