ಪೆಟ್ರೋಲ್ ನೀವೇ ಹಾಕ್ಕೊಂಡ್ರೆ ಇಲ್ಲಿ ಕಾನೂನುಬಾಹಿರ!

ಅಮೆರಿಕದ 50 ರಾಜ್ಯಗಳಲ್ಲಿ ನಾನಿರೋ ನ್ಯೂಜೆರ್ಸಿ ಒಂದರಲ್ಲಿ ಮಾತ್ರ ಇವತ್ತಿಗೂ ನಮ್ಮ ಕಾರಿಗೆ ನಾವೇ ಪೆಟ್ರೋಲ್ ಹಾಕ್ಕೊಳ್ಳೋ ಹಾಗಿಲ್ಲ. ಬಂಕ್‌ನಲ್ಲಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಕಾರ್ಡ್ ಕೊಟ್ಟು 'ಫಿಲ್, ರೆಗ್ಯುಲರ್' ಅಂದ್ರೆ ಸಾಕು. ಉಳಿದಿದ್ದೆಲ್ಲ ಅಲ್ಲಿಯ ಹುಡುಗನ ಕೆಲಸ. ಹುಡುಗ ಅಂದೆ, ನಮ್ಮ ಏರಿಯಾದ ಬಂಕ್‌ನಲ್ಲಿರೋದು ಅರವತ್ತು ದಾಟಿದ ಪಂಜಾಬಿ ಅಂಕಲ್. ಜನವರಿ ಹಿಮದಲ್ಲೂ ಎರಡು ಜಾಕೆಟ್ ಹಾಕ್ಕೊಂಡು ಕಾರಿಂದ ಕಾರಿಗೆ ಓಡಾಡ್ತಿರ್ತಾರೆ.

ಬೆಂಗಳೂರಿಂದ ಬಂದವರಿಗೆ ಇದರಲ್ಲೇನು ವಿಶೇಷ ಅನ್ನಿಸೋದೇ ಇಲ್ಲ. ನಮ್ಮೂರಲ್ಲಿ ನಡೆಯೋದೂ ಇದೇ ತಾನೆ? ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ 'ಝೀರೋ ನೋಡ್ಕೊಳ್ಳಿ ಸಾರ್' ಅನ್ನದೆ ಯಾರೂ ಹಾಕಲ್ಲ, ನಾವೂ ಮೀಟರ್‌ನಿಂದ ಕಣ್ಣು ತೆಗೆಯಲ್ಲ. ಅನುಮಾನ ಬಂದ್ರೆ ಐದು ಲೀಟರ್ ಅಳತೆ ಪಾತ್ರೆ ತರಿಸಿ ಪರೀಕ್ಷೆ ಮಾಡಿಸೋ ಹಕ್ಕೂ ಗ್ರಾಹಕರಿಗಿದೆ. ಇಲ್ಲಿ ಮೀಟರ್ ಕಡೆ ತಿರುಗಿ ನೋಡುವವರೇ ಕಡಿಮೆ. ಎಲ್ಲರ ಕಣ್ಣೂ ಫೋನ್ ಮೇಲೆ. ಅಲ್ಲಿ ನಾವು ಬಯಸೋದು ಮೋಸ ಆಗದಿರಲಿ ಅಂತ, ಇಲ್ಲಿಯವರು ಬಯಸೋದು ಕಾರಿಂದ ಇಳಿಯೋದು ತಪ್ಪಲಿ ಅಂತ.

ಈ ಕಾನೂನು ಬಂದಿದ್ದು 1949ರಲ್ಲಿ. ಕಾಗದದ ಮೇಲಿನ ಕಾರಣ ಬೆಂಕಿ ಅಪಾಯ. ಆಗ ಹ್ಯಾಕೆನ್‌ಸ್ಯಾಕ್‌ನಲ್ಲಿ ಒಬ್ಬ ಬಂಕ್ ಮಾಲೀಕ 'ನೀವೇ ಹಾಕ್ಕೊಳ್ಳಿ, ಕಡಿಮೆ ಬೆಲೆಗೆ ಕೊಡ್ತೀನಿ' ಅಂತ ಶುರು ಮಾಡಿದಾಗ ಕಾರುಗಳು ಸಾಲುಗಟ್ಟಿದವಂತೆ. ಉಳಿದ ಮಾಲೀಕರು ಸೇರಿ ಶಾಸಕರ ಮೇಲೆ ಒತ್ತಡ ತಂದು ಅದನ್ನು ನಿಲ್ಲಿಸಿದರು ಅನ್ನೋ ಕಥೆಯನ್ನ ಇಲ್ಲಿಯವರು ಇವತ್ತಿಗೂ ಹೇಳ್ತಾರೆ. ಬೇರೆ ರಾಜ್ಯಗಳಲ್ಲಿ ಕೋಟ್ಯಂತರ ಜನ ದಿನಾ ತಾವೇ ಹಾಕ್ಕೊಳ್ತಿರುವಾಗ ಬೆಂಕಿಯ ಮಾತು ನನಗಂತೂ ನೆಪ ಅನ್ನಿಸುತ್ತೆ. ಆದರೂ ರಟ್ಗರ್ಸ್ ವಿಶ್ವವಿದ್ಯಾಲಯ 2022ರಲ್ಲಿ ಸಮೀಕ್ಷೆ ಮಾಡಿದಾಗ ನಾಲ್ವರಲ್ಲಿ ಸುಮಾರು ಮೂವರು 'ಬೇರೆಯವರೇ ಹಾಕಲಿ' ಅಂದರು. 'ಜೆರ್ಸಿ ಹುಡುಗಿಯರು ಪೆಟ್ರೋಲ್ ಹಾಕ್ಕೊಳ್ಳಲ್ಲ' ಅಂತ ಕಾರಿನ ಹಿಂದೆ ಹೆಮ್ಮೆಯಿಂದ ಸ್ಟಿಕ್ಕರ್ ಅಂಟಿಸಿಕೊಳ್ಳೋರು ಬೇರೆ!

ಇದನ್ನ ಬರೀ ಸೋಮಾರಿತನ ಅಂತ ನಾನೂ ನಗ್ತಿದ್ದೆನೇನೋ, ಮನೆಯಲ್ಲಿ ನಮ್ಮತ್ತೆ ಇರದಿದ್ದರೆ. ಅವರಿಗೆ 71 ವರ್ಷ. ಬೆರಳುಗಳಿಗೆ ಸಂಧಿವಾತ. ಸ್ಟೀರಿಂಗ್ ಹಿಡೀತಾರೆ, ಆದರೆ ನಾಝಲ್‌ನ ಹಿಡಿ ಒತ್ತಿ ಹಿಡಿಯೋಕೆ ಆಗಲ್ಲ. ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ, ಗೆಳತಿಯರ ಮನೆಗೆ ಅವರೇ ಓಡಿಸಿಕೊಂಡು ಹೋಗಿ ಬರ್ತಾರೆ. ನಮ್ಮಿಬ್ಬರ ಆಫೀಸ್ ಮುಗಿಯೋವರೆಗೂ ಕಾಯೋ ಗೋಜಿಲ್ಲ.

ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋದ್ರೆ ಕಥೆಯೇ ಬೇರೆ. ಅಲ್ಲಿ ಬಹುತೇಕ ಎಲ್ಲ ಕಡೆ ನೀವೇ ಇಳೀಬೇಕು, ಕಾರ್ಡ್ ಹಾಕಬೇಕು, ಪಿನ್‌ಕೋಡ್ ಒತ್ತಬೇಕು. ಅಂಗವೈಕಲ್ಯ ಇರುವವರು ಕೇಳಿದರೆ ಹೆಚ್ಚು ದುಡ್ಡು ತಗೊಳ್ಳದೆ ಹಾಕಿಕೊಡಬೇಕು ಅಂತ ದೇಶದ ಕಾನೂನೇನೋ ಇದೆ. ಆದರೆ ಬಂಕ್‌ನಲ್ಲಿ ಒಬ್ಬನೇ ಕೆಲಸಗಾರ ಇದ್ದರೆ ಅವನು ಬರಲೇಬೇಕು ಅಂತಿಲ್ಲ. ಹೋದ ಚಳಿಗಾಲ ಮಗಳ ಮನೆಗೆ ಹೊರಟ ಅತ್ತೆ ರಾತ್ರಿ ಎಂಟಕ್ಕೆ ಒಂದು ಬಂಕ್‌ನಲ್ಲಿ ಎರಡು ಸಲ ಹಾರ್ನ್ ಮಾಡಿದರು. ಗಾಜಿನ ಹಿಂದಿದ್ದ ಹುಡುಗ 'ನಾನೊಬ್ಬನೇ ಇರೋದು' ಅಂತ ಕೈಸನ್ನೆ ಮಾಡಿದ. ಅವನನ್ನ ಬೈಯೋ ಹಾಗೂ ಇಲ್ಲ, ಗಲ್ಲಾ ಬಿಟ್ಟು ಹೇಗೆ ಬರ್ತಾನೆ? ಕೊನೆಗೆ ಪಕ್ಕದ ಪಂಪ್‌ನಲ್ಲಿದ್ದ ಒಬ್ಬ ಹೆಂಗಸು ಹಾಕಿಕೊಟ್ಟಳು.

ಮೊದಲು ಎಲ್ಲ ರಾಜ್ಯಗಳಲ್ಲೂ ಹಾಕಿಕೊಡೋರಿದ್ದರು. ಸೆಲ್ಫ್ ಸರ್ವಿಸ್ ಬಂದಮೇಲೆ ಎರಡಕ್ಕೂ ಬೇರೆ ಬೇರೆ ಬೆಲೆ ಬೋರ್ಡ್ ಬಿತ್ತು. ಗ್ಯಾಲನ್‌ಗೆ ಕೆಲವು ಸೆಂಟ್ ಉಳಿಯುತ್ತೆ ಅಂದ್ರೆ ಯಾರು ತಾನೇ ಇಳಿಯಲ್ಲ? ನೋಡ್ತಾ ನೋಡ್ತಾ ಹಾಕಿಕೊಡೋರ ಕೆಲಸವೇ ಹೋಯಿತು.

ಅದಕ್ಕೇ ನನಗೆ ಆರೆಗನ್ ದಾರಿ ಹಿಡಿಸಿದ್ದು. ಅಲ್ಲಿ 1951ರಿಂದ ನಮ್ಮಂಥದ್ದೇ ನಿಷೇಧ ಇತ್ತು. 2018ರಲ್ಲಿ ಹಳ್ಳಿಗಾಡಿನ ಕೌಂಟಿಗಳಲ್ಲಿ ಸಡಿಲಿಸಿದಾಗ 'ಕೈಯೆಲ್ಲಾ ವಾಸನೆ ಬರುತ್ತೆ' ಅಂತ ಕೆಲವರು ಗೋಳಾಡಿ, ದೇಶವೆಲ್ಲ ನಕ್ಕಿತ್ತು. 2023ರ ಆಗಸ್ಟ್‌ನಲ್ಲಿ ಇಡೀ ರಾಜ್ಯಕ್ಕೇ ಸೆಲ್ಫ್ ಸರ್ವಿಸ್ ಬಂತು. ಆದರೆ ಜನ ಹೆಚ್ಚಿರುವ ಕೌಂಟಿಗಳಲ್ಲಿ ಕನಿಷ್ಠ ಅರ್ಧದಷ್ಟು ಪಂಪ್‌ಗಳಲ್ಲಿ ಹಾಕಿಕೊಡೋಕೆ ಜನ ಇರಲೇಬೇಕು, ಎರಡೂ ಕಡೆ ಬೆಲೆ ಒಂದೇ ಇರಬೇಕು. ಈ ಬೆಲೆಯ ಷರತ್ತೇ ಮುಖ್ಯ ಅಂತ ನನ್ನ ಲೆಕ್ಕ.

ನ್ಯೂಜೆರ್ಸಿಯಲ್ಲೂ 2022ರಲ್ಲಿ ಇಂಥದ್ದೊಂದು ಮಸೂದೆ ಬಂದು ಮುಂದೆ ಹೋಗಲಿಲ್ಲ. ಪಂಜಾಬಿ ಅಂಕಲ್‌ನ ಕೇಳಿದೆ. 'ಬಂದ್ರೆ ನಮ್ಮ ಮಾಲೀಕ ನಾಲ್ಕು ಜನರಲ್ಲಿ ಒಬ್ಬನನ್ನ ಉಳಿಸಿಕೊಳ್ತಾನೆ, ಆ ಒಬ್ಬ ನಾನಂತೂ ಅಲ್ಲ' ಅಂದ್ರು.

ಅತ್ತೆ ಈಗ ಮಗಳ ಮನೆಗೆ ಹೊರಟರೆ ಡೆಲವೇರ್ ನದಿ ದಾಟೋ ಮುಂಚೆಯೇ ಟ್ಯಾಂಕ್ ಫುಲ್ ಮಾಡಿಸಿಕೊಳ್ತಾರೆ.